ಯಂತ್ರ ಎಲ್ಲಿ ಏಳಬೇಕು: ಟೆರಾಫಾರ್ಮ್‌ನಿಂದ ಇಸಿ2 ಪ್ಲೇಸ್‌ಮೆಂಟ್

ಅಮೆಜಾನಿನ ಕ್ಲೌಡ್ ಸೇವೆ ಎಡಬ್ಲ್ಯೂಎಸ್‌ನಲ್ಲಿ ಒಂದು ಇಸಿ2 ಇನ್‌ಸ್ಟೆನ್ಸ್ (ಬಾಡಿಗೆಯ ವರ್ಚುವಲ್ ಯಂತ್ರ) ಎಲ್ಲಿ ಏಳುತ್ತದೆ ಎನ್ನುವುದು ರೀಜನ್ (ಭೌಗೋಳಿಕ ಪ್ರದೇಶ), ಝೋನ್ (ಆ ಪ್ರದೇಶದೊಳಗಿನ ಪ್ರತ್ಯೇಕ ಡೇಟಾ ಸೆಂಟರ್ ಗುಂಪು), ಸಬ್‌ನೆಟ್ (ನೆಟ್‌ವರ್ಕಿನ ಒಂದು ತುಂಡು), ರ‍್ಯಾಕ್ (ಸರ್ವರ್ ಜೋಡಿಸಿದ ಕಪಾಟು) ಈ ನಾಲ್ಕರ ಮೇಲೆ ನಿಂತಿದೆ. ಮೊದಲ ಮೂರನ್ನು ಎಲ್ಲರೂ ಟೆರಾಫಾರ್ಮ್ (ಯಂತ್ರ, ನೆಟ್‌ವರ್ಕುಗಳನ್ನು ಕೋಡಿನಿಂದ ಕಟ್ಟುವ ಸಾಧನ) ಕೋಡಿನಲ್ಲಿ ಬರೆಯುತ್ತಾರೆ, ರ‍್ಯಾಕಿನ ಮಾತು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಹಾಗೆ ಬಿಟ್ಟರೂ ಎಡಬ್ಲ್ಯೂಎಸ್ ಯಂತ್ರಗಳನ್ನು ಚದುರಿಸಲು ನೋಡುತ್ತದೆ, ಆದರೆ ಖಾತರಿ ಕೊಡುವುದಿಲ್ಲ. ಡೇಟಾಬೇಸಿನ ಮೂರು ನೋಡ್ ಒಂದೇ ರ‍್ಯಾಕಿನಲ್ಲಿ ಕೂತಿದ್ದರೆ, ಆ ರ‍್ಯಾಕಿಗೆ ಕರೆಂಟ್ ಹೋದ ಗಳಿಗೆಯಲ್ಲಿ ಮೂರೂ ಮಲಗುತ್ತವೆ.

ಇಲ್ಲಿ ಉಚ್ಚಾರದಂತೆ ಬರೆದಿರುವ ಟೆರಾಫಾರ್ಮ್ ಹೆಸರುಗಳನ್ನು ಫೈಲಿನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಬರೆಯಬೇಕು.

ರೀಜನ್ ಮತ್ತು ಝೋನ್

ರೀಜನ್ ಬರೆಯುವ ಜಾಗ ಪ್ರೊವೈಡರ್ ಬ್ಲಾಕ್, ಅಂದರೆ ಯಾವ ಕ್ಲೌಡ್ ಎಂದು ಟೆರಾಫಾರ್ಮ್‌ಗೆ ಹೇಳುವ ಭಾಗ. ಮುಂಬೈ ಎಂದರೆ ಎಪಿ-ಸೌತ್-1, ಹೈದರಾಬಾದ್ ಎಂದರೆ ಎಪಿ-ಸೌತ್-2. ಹೈದರಾಬಾದ್ ರೀಜನ್ 2022ರ ನವೆಂಬರಿನಲ್ಲಿ ಬಂದದ್ದು, ಅಕೌಂಟಿನಲ್ಲಿ ತಾನಾಗಿ ತೆರೆದಿರುವುದಿಲ್ಲ. ಮೊದಲು ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಎನೇಬಲ್ ಮಾಡಬೇಕು, ಇಲ್ಲದಿದ್ದರೆ ಕೋಡ್ ಎಷ್ಟೇ ಸರಿ ಇದ್ದರೂ ದೃಢೀಕರಣದ ಎರರ್ ಬಂದು ನಿಲ್ಲುತ್ತದೆ. ಬೆಂಗಳೂರಿನ ಬಳಕೆದಾರರಿಗೆ ಎರಡರಲ್ಲಿ ಯಾವುದು ವೇಗ ಎಂಬುದನ್ನು ಮ್ಯಾಪ್ ನೋಡಿ ನಿರ್ಧರಿಸಬೇಡಿ. ಎರಡೂ ಕಡೆ ಒಂದೊಂದು ಸಣ್ಣ ಯಂತ್ರ ಎಬ್ಬಿಸಿ ಅಳೆಯಿರಿ. ಎಎಂಐ (ಯಂತ್ರ ಎಬ್ಬಿಸಲು ಬಳಸುವ ಮೂಲ ಡಿಸ್ಕ್ ಇಮೇಜ್) ಐಡಿ ಒಂದೊಂದು ರೀಜನ್ನಿಗೆ ಬೇರೆ. ಅದನ್ನು ನೇರ ಬರೆದುಬಿಟ್ಟರೆ ರೀಜನ್ ಬದಲಾದ ದಿನ ಕೋಡ್ ಒಡೆಯುತ್ತದೆ, ಆದ್ದರಿಂದ ಡೇಟಾ ಸೋರ್ಸ್‌ನಿಂದ (ಇರುವ ಮಾಹಿತಿಯನ್ನು ಎಡಬ್ಲ್ಯೂಎಸ್‌ನಿಂದ ಓದುವ ಬ್ಲಾಕ್) ಹುಡುಕಿ ತನ್ನಿ.

ಝೋನ್ ವಿಷಯದಲ್ಲಿ ಸಾಮಾನ್ಯ ತಪ್ಪು ಎಂದರೆ ಇನ್‌ಸ್ಟೆನ್ಸ್ ಬ್ಲಾಕಿನಲ್ಲಿ ಸಬ್‌ನೆಟ್ ಐಡಿ, ಅವೇಲೆಬಿಲಿಟಿ ಝೋನ್ ಎರಡನ್ನೂ ಬರೆಯುವುದು. ಸಬ್‌ನೆಟ್ ಯಾವಾಗಲೂ ಒಂದೇ ಝೋನಿಗೆ ಸೇರಿದ್ದು. ಅದನ್ನು ಆರಿಸಿದಾಗಲೇ ಝೋನ್ ತೀರ್ಮಾನವಾಯಿತು. ಎರಡೂ ಬರೆದು ಒಂದಕ್ಕೊಂದು ತಾಳೆಯಾಗದಿದ್ದರೆ ಅಪ್ಲೈ (ಕೋಡನ್ನು ಜಾರಿಗೆ ತರುವ ಕಮಾಂಡ್) ಬೀಳುತ್ತದೆ. ಸಬ್‌ನೆಟ್ ಒಂದೇ ಸಾಕು.

ಎರಡು ಅಕೌಂಟ್ ಇರುವವರಿಗೆ ಇನ್ನೊಂದು ತೊಡಕು. ಒಂದು ಅಕೌಂಟಿನ ಎಪಿ-ಸೌತ್-1ಎ, ಇನ್ನೊಂದು ಅಕೌಂಟಿನ ಎಪಿ-ಸೌತ್-1ಎ ಒಂದೇ ಜಾಗವಾಗಿರಬೇಕೆಂದಿಲ್ಲ. ಎಲ್ಲ ಅಕೌಂಟುಗಳಲ್ಲೂ ಒಂದೇ ಅರ್ಥ ಕೊಡುವುದು ಝೋನ್ ಐಡಿ, ಅಂದರೆ ಎಪಿಎಸ್1-ಎಝಡ್1 ಥರದ್ದು. ಸಬ್‌ನೆಟ್ ರಿಸೋರ್ಸ್‌ನಲ್ಲಿ ಅವೇಲೆಬಿಲಿಟಿ ಝೋನ್ ಐಡಿ ಎಂಬ ಆರ್ಗ್ಯುಮೆಂಟ್ ಇದೆ, ಅದನ್ನೇ ಬಳಸಿ. ಝೋನ್ ದಾಟುವ ಡೇಟಾಗೆ ಹೋಗುವಾಗಲೂ ಬರುವಾಗಲೂ ದುಡ್ಡು ಬೀಳುತ್ತದೆ. ಎರಡು ಅಕೌಂಟಿನ ಯಂತ್ರಗಳು ಒಂದೇ ಝೋನಿನಲ್ಲಿವೆ ಎಂಬ ತಪ್ಪು ನಂಬಿಕೆ ಮೊದಲು ಬಯಲಾಗುವುದು ತಿಂಗಳ ಬಿಲ್ಲಿನಲ್ಲಿ.

ಝೋನ್ ಪಟ್ಟಿಯನ್ನು ಡೇಟಾ ಸೋರ್ಸ್‌ನಿಂದ ತಂದು, ಕೌಂಟ್ ಇಂಡೆಕ್ಸ್‌ನಿಂದ (ಯಂತ್ರದ ಕ್ರಮಸಂಖ್ಯೆಯಿಂದ) ಹಂಚುವುದು ಹಳೆಯ ರೂಢಿ. ನಮ್ಮ ಸಲಹೆ: ಬೇಡ. ಪಟ್ಟಿಗೆ ಹೊಸ ಝೋನ್ ಸೇರಿದರೆ, ಅಥವಾ ಮಧ್ಯದ ಒಂದು ಯಂತ್ರ ತೆಗೆದರೆ, ಇಂಡೆಕ್ಸ್‌ಗಳೆಲ್ಲ ಸರಿದು ಏನೂ ತಪ್ಪು ಮಾಡದ ಯಂತ್ರಗಳಿಗೂ ಸಬ್‌ನೆಟ್ ಬದಲಾಗುತ್ತದೆ. ಸಬ್‌ನೆಟ್ ಬದಲಾದರೆ ಟೆರಾಫಾರ್ಮ್ ಹಳೆಯದನ್ನು ಅಳಿಸಿ ಹೊಸದು ಕಟ್ಟುತ್ತದೆ. ಫಾರ್ ಈಚ್ (ಕ್ರಮಸಂಖ್ಯೆಯ ಬದಲು ಹೆಸರಿನಿಂದ ಗುರುತಿಸುವುದು) ಬಳಸಿ, ನೋಡ್ ಹೆಸರಿಗೆ ಸಬ್‌ನೆಟ್ ಜೋಡಿಸಿದ ಮ್ಯಾಪ್ ಬರೆದಿಡಿ. ಪಟ್ಟಿ ತರಲೇಬೇಕಾದರೆ ಆಪ್ಟ್-ಇನ್ ಬೇಕಿಲ್ಲದ ಝೋನ್‌ಗಳಷ್ಟೇ ಬರುವಂತೆ ಫಿಲ್ಟರ್ ಹಾಕಿ, ಇಲ್ಲದಿದ್ದರೆ ಅಕೌಂಟಿನಲ್ಲಿ ಎನೇಬಲ್ ಮಾಡಿದ ಲೋಕಲ್ ಝೋನ್‌ಗಳೂ (ಬೇರೆ ಊರುಗಳ ಬಳಿ ಇರುವ ಸಣ್ಣ ಝೋನ್‌ಗಳು) ಒಳಗೆ ಬಂದು ಕೂರುತ್ತವೆ.

ರ‍್ಯಾಕ್: ಪ್ಲೇಸ್‌ಮೆಂಟ್ ಗ್ರೂಪ್

ಯಂತ್ರಗಳು ರ‍್ಯಾಕುಗಳಲ್ಲಿ ಹೇಗೆ ಕೂರಬೇಕು ಎಂದು ಹೇಳುವುದು ಪ್ಲೇಸ್‌ಮೆಂಟ್ ಗ್ರೂಪ್. ಎಡಬ್ಲ್ಯೂಎಸ್ ಪ್ಲೇಸ್‌ಮೆಂಟ್ ಗ್ರೂಪ್ ಎಂಬ ರಿಸೋರ್ಸ್‌ಗೆ ಒಂದು ಹೆಸರು, ಒಂದು ಸ್ಟ್ರಾಟೆಜಿ (ಕೆಳಗಿನ ಮೂರರಲ್ಲಿ ಒಂದು) ಕೊಡಿ. ಇನ್‌ಸ್ಟೆನ್ಸ್ ಬ್ಲಾಕಿನ ಪ್ಲೇಸ್‌ಮೆಂಟ್ ಗ್ರೂಪ್ ಆರ್ಗ್ಯುಮೆಂಟ್‌ಗೆ ಆ ರಿಸೋರ್ಸ್‌ನ ಹೆಸರನ್ನು ರೆಫರೆನ್ಸ್ ಆಗಿ ಜೋಡಿಸಿ. ಕೈಯಿಂದ ಸ್ಟ್ರಿಂಗ್ ಬರೆದರೆ ಗ್ರೂಪ್ ಹುಟ್ಟುವ ಮೊದಲೇ ಯಂತ್ರ ಎಬ್ಬಿಸಲು ಹೋಗಿ ಎಡವುತ್ತದೆ. ಗ್ರೂಪಿಗೆ ಬೇರೆ ಶುಲ್ಕವಿಲ್ಲ.

ಸ್ಪ್ರೆಡ್: ಪ್ರತಿ ಯಂತ್ರಕ್ಕೂ ಬೇರೆ ರ‍್ಯಾಕ್. ಒಂದು ಗ್ರೂಪಿಗೆ ಒಂದು ಝೋನಿನಲ್ಲಿ ಓಡುತ್ತಿರುವ ಯಂತ್ರ ಗರಿಷ್ಠ 7, ಮೂರು ಝೋನ್ ಸೇರಿ 21. ಎಟ್‌ಸಿಡಿ (ಹಲವು ಯಂತ್ರಗಳಲ್ಲಿ ಹಂಚಿದ ಸೆಟ್ಟಿಂಗ್‌ಗಳ ಡೇಟಾಬೇಸ್), ಡೇಟಾಬೇಸ್ ಪ್ರೈಮರಿ-ರೆಪ್ಲಿಕಾ (ಮೂಲ ಮತ್ತು ಅದರ ಪ್ರತಿ) ಇಂಥವಕ್ಕೆ ಹೇಳಿ ಮಾಡಿಸಿದ್ದು. ಒಂದು ಬಲೆ ಇದೆ. ಒಂದು ಝೋನಿನಲ್ಲಿ 7 ಭರ್ತಿಯಾಗಿದ್ದು, ಲೈಫ್‌ಸೈಕಲ್ ಬ್ಲಾಕಿನಲ್ಲಿ ಕ್ರಿಯೇಟ್ ಬಿಫೋರ್ ಡೆಸ್ಟ್ರಾಯ್ (ಹೊಸದು ಕಟ್ಟಿದ ಮೇಲೆ ಹಳೆಯದು ಅಳಿಸು) ಹಾಕಿದ್ದರೆ, ಎಎಂಐ ಬದಲಿಸಿದ ದಿನ ಹೊಸ ಯಂತ್ರ 8ನೆಯದಾಗುತ್ತದೆ, ಅಪ್ಲೈ ಅಲ್ಲೇ ನಿಲ್ಲುತ್ತದೆ. ಝೋನಿಗೆ 6ಕ್ಕೆ ನಿಲ್ಲಿಸಿ, ಒಂದು ಜಾಗ ಖಾಲಿ ಇಡಿ.

ಪಾರ್ಟಿಷನ್: ಯಂತ್ರಗಳ ಗುಂಪಿಗೊಂದು ರ‍್ಯಾಕ್ ಸೆಟ್. ಝೋನಿಗೆ ಗರಿಷ್ಠ 7 ಪಾರ್ಟಿಷನ್, ಒಳಗೆ ಎಷ್ಟು ಯಂತ್ರವಾದರೂ ಸರಿ, ಅಕೌಂಟಿನ ಮಿತಿಯೊಳಗೆ. ಕ್ಯಾಸಾಂಡ್ರಾ, ಎಚ್‌ಡಿಎಫ್‌ಎಸ್, ಕಾಫ್ಕಾ ಥರದ, ಡೇಟಾದ ಪ್ರತಿಗಳನ್ನು ಹಲವು ಯಂತ್ರಗಳಲ್ಲಿ ಇಡುವ ವ್ಯವಸ್ಥೆಗಳಿಗೆ ಇದು. ಪಾರ್ಟಿಷನ್ ಕೌಂಟ್ 3 ಎಂದು ಕೊಟ್ಟು, ಪ್ರತಿ ಇನ್‌ಸ್ಟೆನ್ಸ್‌ಗೂ ಪ್ಲೇಸ್‌ಮೆಂಟ್ ಪಾರ್ಟಿಷನ್ ನಂಬರ್ ನೀವೇ ಬರೆಯಿರಿ. ಬರೆಯದಿದ್ದರೆ ಎಡಬ್ಲ್ಯೂಎಸ್ ಸಮವಾಗಿ ಹಂಚಲು ಯತ್ನಿಸುತ್ತದೆ, ಅಷ್ಟೇ. ಇನ್ನರ್ಧ ಕೆಲಸ ಯಂತ್ರದ ಒಳಗಿದೆ: ಬೂಟ್ ಸ್ಕ್ರಿಪ್ಟ್ ಮೆಟಾಡೇಟಾದಿಂದ (ಯಂತ್ರ ತನ್ನ ಬಗ್ಗೆ ತಾನೇ ಓದಬಹುದಾದ ಮಾಹಿತಿ) ಪಾರ್ಟಿಷನ್ ನಂಬರ್ ಓದಿ, ಕಾಫ್ಕಾದ ಬ್ರೋಕರ್ ರ‍್ಯಾಕ್ ಅಥವಾ ಕ್ಯಾಸಾಂಡ್ರಾದ ರ‍್ಯಾಕ್ ಸೆಟ್ಟಿಂಗ್‌ಗೆ ತುಂಬಬೇಕು. ಇದನ್ನು ಬಿಟ್ಟರೆ ಒಂದು ಪಾರ್ಟಿಷನ್ನಿನಲ್ಲೇ ಮೂರೂ ಪ್ರತಿಗಳು ಬಂದು ಕೂರಬಹುದು. ಆಗ ಪಾರ್ಟಿಷನ್ ಮಾಡಿಯೂ ಒಂದೇ, ಬಿಟ್ಟೂ ಒಂದೇ.

ಕ್ಲಸ್ಟರ್: ಎಲ್ಲ ಒತ್ತೊತ್ತಾಗಿ, ಒಂದೇ ಝೋನಿನಲ್ಲಿ. ಯಂತ್ರ-ಯಂತ್ರದ ನಡುವೆ ಒಂದು ಸಂಪರ್ಕಕ್ಕೆ ಸಾಮಾನ್ಯವಾಗಿ ಸಿಗುವ 5 ಜಿಬಿಪಿಎಸ್ ಮಿತಿ ಇಲ್ಲಿ 10ಕ್ಕೆ ಏರುತ್ತದೆ, ಪ್ರೈವೇಟ್ ಐಪಿಯಲ್ಲಿ ಮಾತಾಡಿದರೆ ಮಾತ್ರ. ಟಿ2, ಟಿ3 ಥರದ ಬರ್ಸ್ಟಬಲ್ (ಬೇಕಾದಾಗ ಮಾತ್ರ ವೇಗ ಏರಿಸುವ) ಯಂತ್ರಗಳಿಗೆ ಕ್ಲಸ್ಟರಿನಲ್ಲಿ ಜಾಗವಿಲ್ಲ. ಆಟೋ ಸ್ಕೇಲಿಂಗ್ ಗ್ರೂಪಿಗೆ (ಯಂತ್ರಗಳ ಸಂಖ್ಯೆಯನ್ನು ತಾನೇ ಏರಿಸಿ ಇಳಿಸುವ ಗುಂಪು) ಇದನ್ನು ಜೋಡಿಸುವವರು ಒಂದೇ ಝೋನಿನ ಸಬ್‌ನೆಟ್ ಕೊಡಬೇಕು.

ಅತಿ ಹೆಚ್ಚು ಕಾಡುವುದೂ ಕ್ಲಸ್ಟರೇ. ಪ್ಲಾನ್ (ಏನು ಬದಲಾಗುತ್ತದೆ ಎಂದು ಮೊದಲೇ ತೋರಿಸುವ ಕಮಾಂಡ್) ಹಸಿರಾಗಿ ಬರುತ್ತದೆ, ಅಪ್ಲೈನಲ್ಲಿ 8ರಲ್ಲಿ 5 ಎದ್ದು, ಮಿಕ್ಕ 3ಕ್ಕೆ ಇನ್‌ಸಫಿಶಿಯೆಂಟ್ ಇನ್‌ಸ್ಟೆನ್ಸ್ ಕೆಪಾಸಿಟಿ (ಜಾಗ ಸಾಲದು) ಎನ್ನುತ್ತದೆ. ಎದ್ದ 5ರ ಮೀಟರು ಮಾತ್ರ ಓಡುತ್ತಲೇ ಇರುತ್ತದೆ. ಎಡಬ್ಲ್ಯೂಎಸ್ ಹತ್ತಿರ ಎಷ್ಟು ಜಾಗವಿದೆ ಎಂದು ಪ್ಲಾನಿಗೆ ತಿಳಿಯುವುದಿಲ್ಲ. ಮೇಲಾಗಿ ಟೆರಾಫಾರ್ಮ್ ಪ್ರತಿ ಇನ್‌ಸ್ಟೆನ್ಸ್‌ಗೂ ಪ್ರತ್ಯೇಕ ವಿನಂತಿ ಕಳಿಸುತ್ತದೆ. ಎಡಬ್ಲ್ಯೂಎಸ್ ಹೇಳುವುದು ಒಂದೇ ಮಾದರಿಯ ಯಂತ್ರಗಳನ್ನು ಒಂದೇ ವಿನಂತಿಯಲ್ಲಿ ಕೇಳಿ ಎಂದು. ಇದಕ್ಕೆ ಗಟ್ಟಿ ದಾರಿ ಕೆಪಾಸಿಟಿ ರಿಸರ್ವೇಶನ್: ಅದರ ಪ್ಲೇಸ್‌ಮೆಂಟ್ ಗ್ರೂಪ್ ಎಆರ್‌ಎನ್ ಆರ್ಗ್ಯುಮೆಂಟ್‌ಗೆ ನಿಮ್ಮ ಗ್ರೂಪಿನ ಎಆರ್‌ಎನ್ (ಎಡಬ್ಲ್ಯೂಎಸ್ ಕೊಡುವ ಪೂರ್ಣ ಗುರುತು) ಕೊಟ್ಟು 8 ಜಾಗ ಮೊದಲೇ ಹಿಡಿದಿಡಿ, ಆಮೇಲೆ ಯಂತ್ರಗಳು ಬಿಡಿಬಿಡಿಯಾಗಿ ಎದ್ದರೂ ತೊಂದರೆಯಿಲ್ಲ. ಬಳಸಲಿ ಬಿಡಲಿ ರಿಸರ್ವೇಶನ್ನಿಗೆ ಬಾಡಿಗೆ ಬೀಳುತ್ತದೆ ಎಂಬುದು ನೆನಪಿರಲಿ. ಅದು ಬೇಡವೆಂದರೆ ಗ್ರೂಪಿನ ಎಲ್ಲ ಯಂತ್ರ ನಿಲ್ಲಿಸಿ ಮತ್ತೆ ಚಾಲೂ ಮಾಡಿ. ಎಲ್ಲಕ್ಕೂ ಜಾಗವಿರುವ ಬೇರೆ ಹಾರ್ಡ್‌ವೇರಿಗೆ ಅವು ಹೋಗಬಹುದು.

ಈಗಾಗಲೇ ಓಡುತ್ತಿರುವ ಯಂತ್ರವನ್ನು ಗ್ರೂಪಿಗೆ ಸೇರಿಸುವುದು

ಕೋಡಿನಲ್ಲಿ ಗ್ರೂಪಿನ ಸಾಲು ಸೇರಿಸಿ ನೇರ ಅಪ್ಲೈ ಒತ್ತಬೇಡಿ. ಪ್ಲಾನ್ ಓದಿ; ಅದರಲ್ಲಿ ಫೋರ್ಸಸ್ ರಿಪ್ಲೇಸ್‌ಮೆಂಟ್ ಎಂದಿದ್ದರೆ ಯಂತ್ರ ಅಳಿಸಿಹೋಗುತ್ತದೆ, ರೂಟ್ ಡಿಸ್ಕ್ ಸಮೇತ. ಬದಲಿಗೆ ಯಂತ್ರ ನಿಲ್ಲಿಸಿ, ಎಡಬ್ಲ್ಯೂಎಸ್ ಕಮಾಂಡ್‌ಲೈನಿನ ಮಾಡಿಫೈ-ಇನ್‌ಸ್ಟೆನ್ಸ್-ಪ್ಲೇಸ್‌ಮೆಂಟ್ ಕಮಾಂಡಿಗೆ ಇನ್‌ಸ್ಟೆನ್ಸ್ ಐಡಿ, ಗ್ರೂಪ್ ಹೆಸರು ಕೊಟ್ಟು, ಮತ್ತೆ ಚಾಲೂ ಮಾಡಿ. ಆಮೇಲೆ ಅದೇ ಗ್ರೂಪನ್ನು ಕೋಡಿಗೆ ಬರೆದು ಪ್ಲಾನ್ ಓಡಿಸಿದರೆ ಬದಲಾವಣೆ ಏನೂ ಇಲ್ಲ ಎಂದು ಬರಬೇಕು. ನಿಲ್ಲಿಸುವ ಮೊದಲು ಎರಡು ಸಂಗತಿ: ಇಲಾಸ್ಟಿಕ್ ಐಪಿ (ಬದಲಾಗದ ಪಬ್ಲಿಕ್ ವಿಳಾಸ) ಇಲ್ಲದಿದ್ದರೆ ಪಬ್ಲಿಕ್ ಐಪಿ ಬದಲಾಗುತ್ತದೆ, ಇನ್‌ಸ್ಟೆನ್ಸ್ ಸ್ಟೋರಿನಲ್ಲಿದ್ದ (ಯಂತ್ರದ ತಾತ್ಕಾಲಿಕ ಡಿಸ್ಕ್) ಡೇಟಾ ಹೋಗುತ್ತದೆ.

ಝೋನ್ ಬದಲಿಸಲು ಈ ಉಪಾಯ ನಡೆಯದು. ಇಬಿಎಸ್ (ನೆಟ್‌ವರ್ಕಿನ ಮೂಲಕ ಯಂತ್ರಕ್ಕೆ ಜೋಡಿಸುವ) ಡಿಸ್ಕ್ ತನ್ನ ಝೋನ್ ಬಿಟ್ಟು ಕದಲುವುದಿಲ್ಲ. ಸ್ನ್ಯಾಪ್‌ಶಾಟ್ ತೆಗೆದು ಹೊಸ ಝೋನಿನಲ್ಲಿ ಡಿಸ್ಕ್ ಕಟ್ಟಬೇಕು.

ಕೂತಲ್ಲಿ ಕೂತಿದೆಯೇ ನೋಡುವುದು

ಹೊರಗಿನಿಂದ ಡಿಸ್ಕ್ರೈಬ್-ಇನ್‌ಸ್ಟೆನ್ಸಸ್ ಕಮಾಂಡ್ ಕೊಟ್ಟರೆ ಪ್ಲೇಸ್‌ಮೆಂಟ್ ಭಾಗದಲ್ಲಿ ಝೋನ್, ಗ್ರೂಪ್ ಹೆಸರು, ಪಾರ್ಟಿಷನ್ ನಂಬರ್ ಕಾಣುತ್ತವೆ. ಯಂತ್ರದ ಒಳಗಿನಿಂದಾದರೆ 169.254.169.254 ವಿಳಾಸದ ಮೆಟಾಡೇಟಾದಲ್ಲಿ ಪ್ಲೇಸ್‌ಮೆಂಟ್ ಫೋಲ್ಡರು ನೋಡಿ. ಐಎಂಡಿಎಸ್‌ವಿ2 (ಟೋಕನ್ ಕೇಳುವ ಮೆಟಾಡೇಟಾ ಸೇವೆ) ಕಡ್ಡಾಯವಾಗಿರುವಲ್ಲಿ ಮೊದಲು ಪುಟ್ ವಿನಂತಿಯಿಂದ ಟೋಕನ್ ತಂದು ಹೆಡರಿನಲ್ಲಿ ಕಳಿಸಬೇಕು. ಬರಿ ಕರ್ಲ್ ಹೊಡೆದರೆ 401 ಬರುತ್ತದೆ. ಗ್ರೂಪ್ ಹೆಸರಿನ ಪುಟಕ್ಕೆ 404 ಬಂದರೆ ಯಂತ್ರ ಯಾವ ಗ್ರೂಪಿಗೂ ಸೇರಿಲ್ಲ ಎಂದೇ ಅರ್ಥ: ಲಾಂಚ್ ಟೆಂಪ್ಲೇಟಿನ (ಯಂತ್ರ ಹೇಗೆ ಎಬ್ಬಿಸಬೇಕೆಂಬ ಮಾದರಿ) ಪ್ಲೇಸ್‌ಮೆಂಟ್ ಬ್ಲಾಕ್ ಬಿಟ್ಟುಹೋಗಿದೆಯೇ, ಆಟೋ ಸ್ಕೇಲಿಂಗ್ ಟೆಂಪ್ಲೇಟಿನ ಹಳೆಯ ವರ್ಶನ್ನನ್ನೇ ಹಿಡಿದು ಕೂತಿದೆಯೇ ನೋಡಿ.