ಸಣ್ಣ ತಿರುವಿನಿಂದ ಶುರು: ಲೀ ಆಲ್ಜೀಬ್ರಾ ನಾನು ಹೇಳಿಕೊಡುವ ಬಗೆ

ಕಲಬುರಗಿಯಲ್ಲಿ ಡಿಗ್ರಿ ಮತ್ತು ಎಂಎಸ್ಸಿ ಮಕ್ಕಳಿಗೆ ಗಣಿತದ ಪಾಠ ಹೇಳುತ್ತೇನೆ. ಲೀ ಆಲ್ಜೀಬ್ರಾ (ತಿರುಗಿಸುವುದು, ಹಿಗ್ಗಿಸುವುದು ಮುಂತಾದ ಬದಲಾವಣೆಗಳ ಅತಿ ಸಣ್ಣ ಹೆಜ್ಜೆಗಳನ್ನು ಲೆಕ್ಕ ಹಾಕುವ ಗಣಿತ) ಅಂದ ಕೂಡಲೇ ಹೆಚ್ಚಿನ ಪುಸ್ತಕಗಳು ವೆಕ್ಟರ್ ಸ್ಪೇಸ್, ಬ್ರಾಕೆಟ್, ಜಾಕೋಬಿ ಐಡೆಂಟಿಟಿ ಅಂತ ನಿಯಮಗಳನ್ನು ಮೊದಲ ಪುಟದಲ್ಲೇ ಸುರಿದುಬಿಡುತ್ತವೆ. ನಾನು ಅಲ್ಲಿಂದ ಶುರು ಮಾಡುವುದಿಲ್ಲ. ನಾರ್ವೆಯ ಸೋಫಸ್ ಲೀ (1842–1899) ಈ ಸಿದ್ಧಾಂತ ಕಟ್ಟಲು ಕೂತದ್ದೇ ಡಿಫರೆನ್ಶಿಯಲ್ ಈಕ್ವೇಷನ್‌ಗಳನ್ನು ಬಿಡಿಸಲು. ಹಾಗಾಗಿ ನಾನೂ ಒಂದು ಈಕ್ವೇಷನ್ ಬರೆದೇ ಪಾಠ ತೆಗೆಯುತ್ತೇನೆ:

ಡಿವೈ/ಡಿಎಕ್ಸ್ = (ಎಕ್ಸ್ + ವೈ) / (ಎಕ್ಸ್ − ವೈ)

ಬಿಎಸ್ಸಿ ಮಾಡಿದ ಯಾರಾದರೂ ಇದನ್ನು ನೋಡಿದ್ದಾರೆ. 'ಹೋಮೋಜೀನಿಯಸ್, ವೈ ಬದಲು ವಿಎಕ್ಸ್ ಹಾಕಿ' ಅಂತ ಹಿಂದಿನ ಬೆಂಚಿನಿಂದಲೂ ಉತ್ತರ ಬರುತ್ತದೆ. ಸರಿ, ಆದರೆ ಯಾಕೆ ಹಾಕಬೇಕು? ಇಲ್ಲಿ ಕ್ಲಾಸು ಸುಮ್ನೆ ಆಗುತ್ತದೆ. ಎಕ್ಸ್, ವೈ ಎರಡನ್ನೂ ಒಂದೇ ಪಟ್ಟು ಹಿಗ್ಗಿಸಿದರೆ ಈಕ್ವೇಷನ್ ಬದಲಾಗುವುದಿಲ್ಲ. ಆ ಸಮಮಿತಿಯೇ ವಿಎಕ್ಸ್ ಉಪಾಯದ ಬೇರು. ನಮ್ಮ ಸಿಲಬಸ್ಸಿನಲ್ಲಿ ಬಿಡಿಬಿಡಿಯಾಗಿ ಬರುವ ಇಂಥ ಉಪಾಯಗಳಲ್ಲಿ ಬಹಳಷ್ಟಕ್ಕೆ ಬೇರು ಒಂದೇ ಅಂತ ಲೀ ತೋರಿಸಿದರು. ಇದನ್ನು ಮೊದಲ ದಿನವೇ ಹೇಳದಿದ್ದರೆ ಮಕ್ಕಳಿಗೆ ದೊಡ್ಡ ಅನ್ಯಾಯ ಅಂತ ನನ್ನ ಅನಿಸಿಕೆ.

ಇದೇ ಈಕ್ವೇಷನ್‌ಗೆ ಇನ್ನೊಂದು ಸಮಮಿತಿ ಇದೆ, ಅದು ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಇಡೀ ಹಾಳೆಯನ್ನು ಮೂಲಬಿಂದುವಿನ ಸುತ್ತ ತಿರುಗಿಸಿ ನೋಡಬೇಕು. ದೊಡ್ಡ ಕೋನ ತೆಗೆದುಕೊಂಡರೆ ಸೈನ್, ಕಾಸ್ ತುಂಬಿ ಲೆಕ್ಕ ಗೋಜಲಾಗುತ್ತದೆ. ಅತಿ ಸಣ್ಣ ಕೋನ ತೆಗೆದುಕೊಳ್ಳಿ, ಅದನ್ನು 'ಇ' ಅನ್ನೋಣ. ಇ ವರ್ಗ ಬಂದಲ್ಲೆಲ್ಲ ಬಿಟ್ಟುಬಿಡಿ. ಆಗ ಎಕ್ಸ್ ಜಾಗಕ್ಕೆ ಎಕ್ಸ್ − ಇ ವೈ, ವೈ ಜಾಗಕ್ಕೆ ವೈ + ಇ ಎಕ್ಸ್ ಬರುತ್ತದೆ. ಅಷ್ಟೇ.

ಈಗ ಬಲಗಡೆ ನೋಡಿ. ಮೇಲಿದ್ದ ಎಕ್ಸ್ + ವೈ ತನ್ನ ಜೊತೆಗೆ ಇ ಪಟ್ಟು (ಎಕ್ಸ್ − ವೈ) ಸೇರಿಸಿಕೊಳ್ಳುತ್ತದೆ. ಕೆಳಗಿದ್ದ ಎಕ್ಸ್ − ವೈ ಇ ಪಟ್ಟು (ಎಕ್ಸ್ + ವೈ) ಕಳೆದುಕೊಳ್ಳುತ್ತದೆ. ಅಂದರೆ ಮೇಲಿನದು ಕೆಳಗಿನದರಲ್ಲಿ, ಕೆಳಗಿನದು ಮೇಲಿನದರಲ್ಲಿ ಒಂದು ಚೂರು ಬೆರೆಯುತ್ತದೆ. ಬಲಗಡೆಯ (ಎಕ್ಸ್ + ವೈ) / (ಎಕ್ಸ್ − ವೈ) ಅನ್ನು ಎಫ್ ಅನ್ನೋಣ. ಕೆಳಗಿನದರಿಂದ ಭಾಗಿಸಿದರೆ, ಮೊದಲು ಎಫ್ ಇದ್ದದ್ದು (ಎಫ್ + ಇ) / (1 − ಇ ಎಫ್) ಆಗುತ್ತದೆ. ಎಡಗಡೆಯ ಇಳಿಜಾರನ್ನೂ, ಅಂದರೆ ಡಿವೈ/ಡಿಎಕ್ಸ್ ಅನ್ನೂ, ಇದೇ ರೀತಿ ತಿರುಗಿಸಿ. ಅಕ್ಷರ ಬಿಡದೆ ಅದೇ ರೂಪ. ಎರಡೂ ಕಡೆ ಒಂದೇ ತರ ಬದಲಾದವು, ಈಕ್ವೇಷನ್ ಹಾಗೇ ಉಳಿಯಿತು. ಬೋರ್ಡಿನ ಮೇಲೆ ಈ ಎರಡು ಸಾಲು ಒಂದರ ಕೆಳಗೊಂದು ಬರೆದಾಗ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ತಿರುಗಿಸಿದರೂ ಬದಲಾಗದ್ದನ್ನು ಕೋನ ಮತ್ತು ದೂರದ ಭಾಷೆಯಲ್ಲಿ ಬರೆಯುವುದೇ ನ್ಯಾಯ ಅಲ್ವಾ? ಬರೆದರೆ ಮೂಲಬಿಂದುವಿನಿಂದ ದೂರ ಆರ್, ಕೋನ ಥೀಟಾ ಅಂತಿಟ್ಟು, ಸಿಗುವುದು ಡಿಆರ್/ಡಿಥೀಟಾ = ಆರ್. ಉತ್ತರ ಒಂದು ಸುರುಳಿಗೆರೆ. ಕೇಂದ್ರದಿಂದ ಬರುವ ಪ್ರತಿ ಗೆರೆಯನ್ನೂ ಅದು 45 ಡಿಗ್ರಿಯಲ್ಲೇ ದಾಟುತ್ತದೆ. ಒಂದು ಸುರುಳಿಯನ್ನು ಹಿಗ್ಗಿಸಿ, ತಿರುಗಿಸಿ, ಅದೇ ಕುಟುಂಬದ ಇನ್ನೊಂದು ಸುರುಳಿಯೇ ಬರುತ್ತದೆ.

'ನಿರಂತರ ಸಮಮಿತಿ' ಅನ್ನುವುದನ್ನು ನಾನು ಕೈಯಲ್ಲಿ ಹಿಡಿದು ತೋರಿಸುವುದು ಬಿದ್ರಿ ಹೂದಾನಿಯಿಂದ. ಬೀದರ್‌ನ ಕಾರ್ಖಾನೆಗಳಲ್ಲಿ ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ದು, ಮೈ ನಯ ಮಾಡಿ, ಮೈಲುತುತ್ತ ಸವರಿ ಕಪ್ಪಾಗಿಸುತ್ತಾರೆ. ಆಮೇಲೆ ಚೂಪಾದ ಮೊನೆಯಿಂದ ನಕ್ಷೆ ಗೀರುತ್ತಾರೆ. ಗೀರುವ ಮೊದಲು ಒಬ್ಬ ಚಾಚಾ ಹೂದಾನಿಯನ್ನು ನನ್ನ ಕೈಗೆ ಕೊಟ್ಟು, 'ಈಗ ಹ್ಯಾಂಗ್ ತಿರುವಿದ್ರೂ ಒಂದೇ ಕಾಣ್ತದ್ರಿ, ಹೂ ಬಂದ ಮ್ಯಾಲ ಹಂಗಿಲ್ಲ' ಅಂದರು. ನಾನು ಕ್ಲಾಸಿನಲ್ಲಿ ಹೇಳಬೇಕಾದದ್ದೇ ಅದು. ಬರಿ ಹೂದಾನಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಗೊತ್ತಾಗುವುದಿಲ್ಲ. ಸುತ್ತ ಎಂಟು ಹೂ ಕೂಡಿಸಿದ ಮೇಲೆ 45 ಡಿಗ್ರಿ ತಿರುಗಿಸಿದರೆ ಮಾತ್ರ ಮೊದಲಿನಂತೆ ಕಾಣುತ್ತದೆ. ಲೀ ವಿಧಾನಕ್ಕೆ ಬೇಕಾದದ್ದು ಮೊದಲ ಬಗೆಯ ಸಮಮಿತಿ. ಎಷ್ಟು ಬೇಕಾದರೂ ಸಣ್ಣ ಹೆಜ್ಜೆ ಇಡಲು ಜಾಗ ಇರಬೇಕು.

ಇನ್ನು ಬ್ರಾಕೆಟ್. ಎರಡು ಬದಲಾವಣೆಗಳನ್ನು ಹಿಂದುಮುಂದು ಮಾಡಿದರೆ ಬರುವ ವ್ಯತ್ಯಾಸವನ್ನು ಅಳೆಯುವುದು ಅದು. ಹಿಗ್ಗಿಸುವುದು, ತಿರುಗಿಸುವುದು, ಯಾವುದು ಮೊದಲು ಮಾಡಿದರೂ ಒಂದೇ. ಹಾಗಾಗಿ ಅವುಗಳ ಬ್ರಾಕೆಟ್ ಸೊನ್ನೆ. ಮೂರು ಆಯಾಮದ ತಿರುವುಗಳು ಹಾಗಲ್ಲ. ಇಲ್ಲಿ ನಾನು ಕ್ಯಾಲ್ಕುಲೇಟರ್ ಕೈಗೆ ಕೊಡುತ್ತೇನೆ, ಸಾಫ್ಟ್‌ವೇರ್ ಬೇಡ ಅನ್ನುತ್ತೇನೆ. ಎಕ್ಸ್ ಅಕ್ಷದ ಸುತ್ತ 0.1 ರೇಡಿಯನ್, ವೈ ಅಕ್ಷದ ಸುತ್ತ 0.1, ಮತ್ತೆ ಎಕ್ಸ್ ಸುತ್ತ −0.1, ವೈ ಸುತ್ತ −0.1. ನಾಲ್ಕು ಮ್ಯಾಟ್ರಿಕ್ಸ್‌ಗಳನ್ನು ಇದೇ ಕ್ರಮದಲ್ಲಿ ಗುಣಿಸಬೇಕು. ಹೋದದ್ದೆಲ್ಲ ವಾಪಸ್ ಬಂತು, ಏನೂ ಉಳಿಯಬಾರದು ಅಂತ ಅನಿಸುತ್ತದೆ. ಆದರೆ ಮೊದಲ ಸಾಲಿನ ಎರಡನೇ ಮನೆಯಲ್ಲಿ −0.00997 ಕೂತಿರುತ್ತದೆ. ಅದರ ಪಕ್ಕದ ಮೂರನೇ ಮನೆಯಲ್ಲಿ −0.0005 ಮಾತ್ರ. ಅಂದರೆ ಉಳಿದದ್ದು ಹೆಚ್ಚುಕಡಿಮೆ ಝಡ್ ಅಕ್ಷದ ಸುತ್ತ 0.01ರ ತಿರುವು. 'ಸರ್, ಝಡ್ ಸುತ್ತ ನಾವು ತಿರುಗ್ಸೇ ಇಲ್ಲಲ್ರಿ, ಇದೆಲ್ಲಿಂದ ಬಂತ್ರಿ?' ಅಂತ ಒಬ್ಬಳು ಕೇಳಿದಳು. ಆ ಪ್ರಶ್ನೆ ಬಂದರೆ ಪಾಠ ಮುಟ್ಟಿತು ಅಂತಲೇ ಅರ್ಥ. ಕೋನವನ್ನು 0.05ಕ್ಕೆ ಇಳಿಸಿ ಮತ್ತೆ ಮಾಡಿಸುತ್ತೇನೆ. ಉಳಿಯುವುದು 0.0025, ಕಾಲು ಭಾಗ. ಇ ವರ್ಗದ ಲೆಕ್ಕದಲ್ಲಿ ಉಳಿಯುವ ಈ ವ್ಯತ್ಯಾಸವೇ ಬ್ರಾಕೆಟ್. ಎಕ್ಸ್ ಮತ್ತು ವೈ ತಿರುವುಗಳ ಬ್ರಾಕೆಟ್ ಝಡ್ ತಿರುವು. ಆಮೇಲೆ ಬ್ರಾಕೆಟ್‌ಗಳು ಪಾಲಿಸುವ ನಿಯಮವಾದ ಜಾಕೋಬಿ ಐಡೆಂಟಿಟಿ ಬರೆದರೆ ಯಾರೂ ಹೆದರುವುದಿಲ್ಲ.

ನೋಟ್‌ಬುಕ್ ತುಂಬ ಚಿಹ್ನೆಗಳಾದಾಗ ಮಕ್ಕಳಿಗೆ ಒಂದು ಕಥೆ ಹೇಳುತ್ತೇನೆ. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ನಡೆದಿತ್ತು. ಕಾಲ್ನಡಿಗೆಯಲ್ಲಿ ಹೊರಟಿದ್ದ ಲೀ ಅವರನ್ನು ಫಾಂಟೆನ್‌ಬ್ಲೋದಲ್ಲಿ ಜರ್ಮನ್ ಗೂಢಚಾರ ಅಂತ ಹಿಡಿದರು. ಅವರ ಗಣಿತದ ಟಿಪ್ಪಣಿಗಳನ್ನು ಗುಪ್ತಲಿಪಿ ಅಂದುಕೊಂಡಿದ್ದರು. ಗಣಿತಜ್ಞ ಡಾರ್ಬು ಬಂದು ಬಿಡಿಸಿದರು.

ಎಂಎಸ್ಸಿಯವರಿಗೆ ನಾನು ಕೊನೆಗೆ ಕೊಡುವುದು ಶಾಖದ ಸಮೀಕರಣ. ಕಾದ ಸರಳಿನಲ್ಲಿ ಬಿಸಿ ಹೇಗೆ ಹರಡುತ್ತದೆ ಅನ್ನುವ ಲೆಕ್ಕ ಅದು. ಸರಳಿನ ಉದ್ದ ಎರಡು ಪಟ್ಟಾದರೆ ಆರಲು ನಾಲ್ಕು ಪಟ್ಟು ಹೊತ್ತು ಬೇಕು. ಇದು ಹಿಗ್ಗಿಸುವ ಸಮಮಿತಿ, ಬೇಗ ಸಿಗುತ್ತದೆ. ಜಾಗ ಸರಿಸುವುದೂ ಸುಲಭ. ಜಾಗವನ್ನು ಹೊತ್ತಿನ ಜೊತೆ ಸರಿಸುತ್ತ ಉಷ್ಣತೆಯನ್ನೂ ಅದಕ್ಕೆ ತಕ್ಕಂತೆ ಗುಣಿಸುವ ಇನ್ನೊಂದು ಸಮಮಿತಿ ಇದೆ, ಅದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಬೇಕು. ಅದನ್ನು ಹಿಡಿದ ಮೇಲೆ ಜಾಗ ಸರಿಸುವುದರ ಜೊತೆ ಅದರ ಬ್ರಾಕೆಟ್ ತೆಗೆಯಲು ಹೇಳುತ್ತೇನೆ. ಸಿಗುವುದು ಉತ್ತರವನ್ನು ಒಂದು ಸ್ಥಿರಸಂಖ್ಯೆಯಿಂದ ಗುಣಿಸುವ ಸಮಮಿತಿ. ಅದನ್ನು ಯಾರೂ ಹುಡುಕಿರುವುದಿಲ್ಲ, ಬ್ರಾಕೆಟ್ಟೇ ತಂದುಕೊಡುತ್ತದೆ. ಉಳಿದ ಜೋಡಿಗಳನ್ನೂ ಹೀಗೇ ತೆಗೆದು ಒಂದು ಕೋಷ್ಟಕ ಮಾಡಿ ತನ್ನಿ ಅಂತ ಮನೆಗೆ ಕಳಿಸುತ್ತೇನೆ.