ಹೊಸ ರಾಗಿ ತಳಿ: ಸಂಗ್ರಹದ ದಾಖಲೆಗೆ ಏರಿಸುವುದು ಹೇಗೆ?

ಬೀಜಗಳನ್ನು ತಣ್ಣಗೆ ಕಾಪಿಡುವ ತಳಿ ಸಂಗ್ರಹಕ್ಕೆ ಹೊಸ ರಾಗಿ ತಳಿಯ ಪೊಟ್ಟಣ ಬಂತು ಅನ್ನಿ. ಮೊದಲು ತೆರೆಯಬೇಕಾದದ್ದು ಹಳೆಯ ದಾಖಲೆ, ಫ್ರೀಜರ್ ಅಲ್ಲ. 'ಜಿಪಿಯು 28', 'ಜಿಪಿಯು-28', 'ಜಿ.ಪಿ.ಯು.28' ನಮ್ಮ ಕಣ್ಣಿಗೆ ಒಂದೇ. ಕಂಪ್ಯೂಟರಿಗೆ ಮೂರು ತಳಿ. ಹೀಗೆ ಒಂದೇ ಬೀಜ ಮೂರು ಡಬ್ಬಿ ಹಿಡಿದು ಕೂರುತ್ತದೆ. ಹೆಸರು ಬರೆಯುವ ರೀತಿಯನ್ನು ಒಮ್ಮೆ ಗೊತ್ತುಮಾಡಿಕೊಂಡು ಅದಕ್ಕೇ ಅಂಟಿಕೊಳ್ಳಿ. ಬಿಡುಗಡೆಗೆ ಮುಂಚಿನ ಪ್ರಯೋಗದ ಹೆಸರನ್ನು ಅಳಿಸಬೇಡಿ. 'ಇತರ ಹೆಸರು' ಕಾಲಂನಲ್ಲಿ ಉಳಿಸಿ. ಹಳೆಯ ಪ್ರಯೋಗ ವರದಿಗಳಲ್ಲಿ ಸಿಗುವುದು ಆ ಹೆಸರೇ.

ತಳಿ ಹೊಸದೆಂದು ಖಚಿತವಾದ ಮೇಲೆ ಸಂಗ್ರಹ ಸಂಖ್ಯೆ ಕೊಡಿ. ಬೀಜ ಸತ್ತುಹೋದರೂ ಆ ಸಂಖ್ಯೆಯನ್ನು ಮತ್ತೊಂದಕ್ಕೆ ಕೊಡುವಂತಿಲ್ಲ. ನವದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋ ದೇಶದೊಳಗಿನ ತಳಿಗಳಿಗೆ 'ಐಸಿ', ಹೊರಗಿನಿಂದ ತರಿಸಿದವಕ್ಕೆ 'ಇಸಿ' ಸಂಖ್ಯೆ ಕೊಡುತ್ತದೆ. ವಿಶೇಷ ಗುಣದ ತಳಿಗಳನ್ನು ನೋಂದಾಯಿಸಿದಾಗ ಸಿಗುವ 'ಐಎನ್‌ಜಿಆರ್' ಸಂಖ್ಯೆಯೇ ಬೇರೆ. ಇವನ್ನೆಲ್ಲ ಒಂದೇ ಕಾಲಂಗೆ ತುರುಕಿದರೆ ಮುಂದೆ ಬಿಡಿಸುವವರು ಶಪಿಸುತ್ತಾರೆ.

ಆಮೇಲೆ ಮೂಲ ವಿವರ: ಅಭಿವೃದ್ಧಿಪಡಿಸಿದ ಸಂಸ್ಥೆ, ವರ್ಷ, ಬೀಜ ಬೆಳೆದ ಜಾಗ ಮತ್ತು ಹಂಗಾಮು, ಕೊಟ್ಟವರು, ಬಂದ ದಿನಾಂಕ. ತಳಿಯ ಸ್ಥಿತಿಗೆ ಅಂತರರಾಷ್ಟ್ರೀಯ ಸಂಕೇತಗಳಿವೆ: ನಾಟಿ ತಳಿ 300, ಸಂಶೋಧನಾ ಸಾಮಗ್ರಿ 400, ಸುಧಾರಿತ ತಳಿ 500. ಇನ್ನೂ ಪ್ರಯೋಗದ ತಾಕಿನಲ್ಲಿರುವುದಕ್ಕೆ ಅವಸರದಲ್ಲಿ 500 ಹಾಕುವುದು ಸಾಮಾನ್ಯ ತಪ್ಪು.

ಹೆಚ್ಚು ಬೆಲೆಬಾಳುವ ಕಾಲಂ ವಂಶಾವಳಿ. ಹೆಚ್ಚು ಸಲ ಖಾಲಿ ಬೀಳುವುದೂ ಅದೇ. ಬೆಂಕಿ ರೋಗ ತಡೆದುಕೊಳ್ಳುವ ಜಿಪಿಯು 28ನ್ನು ಹೀಗೆ ಬರೆಯುತ್ತಾರೆ: ಇಂಡಾಫ್ 5//ಇಂಡಾಫ್ 9/ಐಇ 1012. ಮೂರೂ ರಾಗಿ ತಳಿಗಳೇ. ಒಂಟಿ ಗೆರೆ ಮೊದಲ ಸಂಕರ, ಜೋಡಿ ಗೆರೆ ಎರಡನೆಯದು. ಅಂದರೆ ಇಂಡಾಫ್ 9 ಮತ್ತು ಐಇ 1012ರ ಸಂತತಿಯನ್ನು ಇಂಡಾಫ್ 5ರೊಂದಿಗೆ ಸೇರಿಸಿದ್ದು. ಗೆರೆಯೊಂದು ತಪ್ಪಿದರೆ ಸಂಕರದ ಕ್ರಮವೇ ಬದಲಾಗುತ್ತದೆ. 1012 ಹೋಗಿ 1021 ಆದರೆ ರೋಗ ತಡೆಯುವ ಗುಣ ಎಲ್ಲಿಂದ ಬಂತೆಂದು ಹುಡುಕುವವರು ಬೇರೆಯದೇ ಗಿಡದ ಮುಂದೆ ನಿಲ್ಲುತ್ತಾರೆ. ಬರೆದದ್ದನ್ನು ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ, ತಳಿವಿಜ್ಞಾನಿಯ ಕಡತದೊಂದಿಗೆ ತಾಳೆ ನೋಡಿ.

ಇನ್ನು ಬೀಜ. ಸಾವಿರ ರಾಗಿ ಕಾಳು ತೂಗುವುದು ಸುಮಾರು 2.5ರಿಂದ 3 ಗ್ರಾಂ. ಹಾಗಾಗಿ ಸಂಗ್ರಹಕ್ಕೆ 4,000 ಕಾಳು ಬೇಕೆಂದರೆ 10–12 ಗ್ರಾಂ ಸಾಕು. ಮೊಳಕೆ ಪರೀಕ್ಷೆಗೆ 100ರಂತೆ ನಾಲ್ಕು ಬಾರಿ ಎಣಿಸಿದರೆ ಒಂದು ಗ್ರಾಂ ಚಿಲ್ಲರೆ ಖರ್ಚು, ಇದನ್ನು ಪ್ರತ್ಯೇಕವಾಗಿ ಕೇಳಿ ಪಡೆಯಿರಿ. ಬೀಜೋಪಚಾರ ಮಾಡಿದ್ದು ಬೇಡ. ಮೊಳಕೆ ಶೇ 85ಕ್ಕಿಂತ ಕಡಿಮೆ ಇದ್ದರೆ ಹಿಂದಿರುಗಿಸಿ. ಸೋತ ಬೀಜ ಫ್ರೀಜರಿನಲ್ಲಿ ಚೇತರಿಸಿಕೊಳ್ಳುವುದಿಲ್ಲ. ಬಿಸಿಲಿನಲ್ಲಿ ಒಣಗಿಸುವುದನ್ನು ಬಿಟ್ಟು, 15 ಡಿಗ್ರಿ ಸೆಲ್ಸಿಯಸ್, ಶೇ 15 ಆರ್ದ್ರತೆಯ ಕೋಣೆಯಲ್ಲಿ ತೇವಾಂಶ ಶೇ 5–7ಕ್ಕೆ ಇಳಿಯುವವರೆಗೆ ಇಡಿ. ಆಮೇಲೆ ಅಲ್ಯೂಮಿನಿಯಂ ಪದರದ ಪೊಟ್ಟಣಕ್ಕೆ ಹಾಕಿ ಬೆಸುಗೆ ಹಾಕಿದರೆ –18 ಡಿಗ್ರಿಗೆ ಸಿದ್ಧ. ಚೀಟಿ ಒಳಗೊಂದು, ಹೊರಗೊಂದು. ಹೊರಗಿನದು ತಣ್ಣಗಿನ ತೇವಕ್ಕೆ ಕಿತ್ತುಬರುವುದುಂಟು.

ಗುಣಲಕ್ಷಣದ ದಾಖಲೆ ಮಾತ್ರ ಮೇಜಿನ ಮೇಲೆ ಆಗುವ ಕೆಲಸವಲ್ಲ. ಹೋಲಿಕೆ ತಳಿಯ ಪಕ್ಕದಲ್ಲೇ ಬಿತ್ತಿ. ಇಲ್ಲದಿದ್ದರೆ ಗಿಡ ಕುಳ್ಳಗಾದದ್ದು ತಳಿಯ ಗುಣವೋ ಮಳೆಯ ಕೊರತೆಯೋ ತಿಳಿಯದು. ಅರ್ಧದಷ್ಟು ಗಿಡಗಳು ತೆನೆ ಹೊಡೆಯಲು ಹಿಡಿದ ದಿನ, ಎತ್ತರ, ತೆನೆ ಕಟ್ಟಿದ ತೆಂಡೆಗಳ (ಬುಡದಿಂದ ಒಡೆದ ಕವಲುಗಳ) ಸಂಖ್ಯೆ, ಇಲುಕುಗಳ (ತೆನೆಯ ಬೆರಳುಗಳ) ಎಣಿಕೆ ಮತ್ತು ಉದ್ದ ಬರೆದುಕೊಳ್ಳಿ. ಅಂಚಿನ ಗಿಡಗಳನ್ನು ಬಿಟ್ಟು ನಡುವಿನ ಹತ್ತನ್ನು ಅಳೆಯಿರಿ, ತೆನೆಯನ್ನು ಮುಖ್ಯ ಕಾಂಡದಲ್ಲೇ ನೋಡಿ. ತೆನೆಯ ಆಕಾರ ಬರೆಯುವಾಗ ಇಲುಕುಗಳು ಮುಷ್ಟಿ ಬಿಗಿದಂತಿವೆಯೋ, ತುದಿಯಷ್ಟೇ ಒಳಬಾಗಿದೆಯೋ, ಬಿಚ್ಚಿಕೊಂಡಿವೆಯೋ ಎಂದು ಗಮನಿಸಿ. ಕಾಳು ಇನ್ನೂ ಹಾಲಾಗಿರುವ ಹಂತದಲ್ಲಿ ಬಿಚ್ಚಿದಂತೆ ಕಂಡದ್ದು ಬಲಿತ ಮೇಲೆ ಬಾಗಬಹುದು, ಆದ್ದರಿಂದ ನೋಡಿದ ಹಂತವನ್ನೂ ನಮೂದಿಸಿ. ಕಾಳಿನ ಬಣ್ಣವನ್ನು ಮಳೆಗೆ ಸಿಕ್ಕ ತೆನೆಯಲ್ಲಿ ನೋಡಬೇಡಿ, ಅದು ಮಾಸಿರುತ್ತದೆ.

ಎರಡು ತೆನೆ, ಒಂದು ಚಿಟಿಕೆ ಕಾಳನ್ನು ಮಾದರಿಯಾಗಿ ಬೇರೆ ತೆಗೆದಿಡಿ. ರಾಗಿ ಸ್ವಪರಾಗಸ್ಪರ್ಶದ ಬೆಳೆಯಾದರೂ ಕಣದಲ್ಲಿ ಬೆರಕೆಯಾಗುವುದು ಸುಲಭ. ಮುಂದೆ ಬೀಜ ಹೊಸದಾಗಿ ಬೆಳೆಸಿ ತಂದಾಗ ಈ ಮಾದರಿಯ ಪಕ್ಕ ಇಟ್ಟು ನೋಡಿ, ಹೊಂದಿದರಷ್ಟೇ ಹಳೆಯ ಸಂಖ್ಯೆಯ ಪೊಟ್ಟಣಕ್ಕೆ ಸೇರಿಸಿ.