ಸ್ಟುಟ್‌ಗಾರ್ಟ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ: ಇಲ್ಲಿ ಫುಟ್‌ಬಾಲ್ ಮಾತಾಡುವುದು ಹೇಗೆ

ವಿಳಾಸ ನೋಂದಣಿ, ತೆರಿಗೆ ಸಂಖ್ಯೆ, ಆರೋಗ್ಯ ವಿಮೆ, ಬ್ಯಾಂಕ್ ಖಾತೆ ಎಲ್ಲವನ್ನೂ ಕಂಪನಿಯವರು ಚೀಟಿಯಲ್ಲಿ ಬರೆದೇ ಕೊಡುತ್ತಾರೆ. ಅದು ತಾನಾಗಿ ಮುಗಿಯುತ್ತದೆ. ಯಾರೂ ಬರೆದುಕೊಡದಿರುವುದು ಸೋಮವಾರ ಬೆಳಿಗ್ಗೆ ಕಾಫಿ ಯಂತ್ರದ ಮುಂದೆ ನಡೆಯುವ ಮಾತು. ಬೆಂಗಳೂರಿನ ಬಾಷ್, ಮರ್ಸಿಡಿಸ್ ಕಚೇರಿಗಳಿಂದ ಇಲ್ಲಿಗೆ ಬಂದ ನಮ್ಮವರು ಆ ಮಾತಿನ ಪಕ್ಕದಲ್ಲಿ ಕಪ್ ಹಿಡಿದು ವರ್ಷಗಟ್ಟಲೆ ಸುಮ್ಮನೆ ನಿಂತದ್ದುಂಟು. ಭಾಷೆ ಬರಲಿಲ್ಲವೆಂದಲ್ಲ, ಮಾತು ಯಾವುದರ ಬಗ್ಗೆ ಎಂಬುದೇ ತಿಳಿದಿರಲಿಲ್ಲ. ಯಾರು ಗೋಲು ಹೊಡೆದರು ಎಂಬುದು ಐದು ನಿಮಿಷಕ್ಕೆ ಮುಗಿಯುತ್ತದೆ. ಉಳಿದದ್ದೆಲ್ಲ ಕ್ಲಬ್ಬಿನ ಅಧ್ಯಕ್ಷ ಯಾರಾಗಬೇಕು, ಮೇಲ್ವಿಚಾರಣಾ ಮಂಡಳಿಯಲ್ಲಿ ಯಾರ ಕೈ ಮೇಲಾಯಿತು, ಆ ಆಟಗಾರನನ್ನು ಯಾಕೆ ಅಷ್ಟಕ್ಕೆ ಮಾರಿದರು ಎಂಬ ವಾದ.

ನಾವು ಮಾಡುವ ಮೊದಲ ತಪ್ಪು, ಇದನ್ನು ಐಪಿಎಲ್ ಎಂದುಕೊಳ್ಳುವುದು. ಆರ್‌ಸಿಬಿಗೆ ಮಾಲೀಕರಿದ್ದಾರೆ, ಹರಾಜಿದೆ, ನಮಗಿರುವುದು ಕೂಗುವ ಹಕ್ಕು ಮಾತ್ರ. ಆ ಅಭ್ಯಾಸದಲ್ಲೇ ಇಲ್ಲಿಯೂ ‘ಈ ಕ್ಲಬ್ಬಿನ ಓನರ್ ಯಾರು?’ ಎಂದು ಕೇಳುತ್ತೇವೆ. ಎದುರಿಗಿರುವ ಸಹೋದ್ಯೋಗಿ ‘ನಾನು’ ಎನ್ನುತ್ತಾನೆ. ತಮಾಷೆಗೆ ಹೇಳುವ ಮಾತಲ್ಲ ಅದು. ಈ ಊರಿನ ಫುಟ್‌ಬಾಲ್ ಕ್ಲಬ್ ವಿಎಫ್‌ಬಿ ಸ್ಟುಟ್‌ಗಾರ್ಟ್ ಒಂದು ನೋಂದಾಯಿತ ಸಂಘ, ಇಲ್ಲಿಯವರ ಬಾಯಲ್ಲಿ ‘ಫೆರೈನ್’. 2024ರಲ್ಲಿ ಅದರ ಸದಸ್ಯರ ಸಂಖ್ಯೆ ಒಂದು ಲಕ್ಷ ದಾಟಿತು. (ಹೆಸರನ್ನು ‘ಫೌ-ಎಫ್-ಬೇ’ ಎಂದು ಉಚ್ಚರಿಸಿ. ‘ವಿ-ಎಫ್-ಬಿ’ ಎಂದರೆ ಅರ್ಧ ಕ್ಷಣ ಅವರಿಗೆ ಗೊತ್ತಾಗುವುದಿಲ್ಲ.)

ನಮಗೆ ಹತ್ತಿರದ ಹೋಲಿಕೆ ಐಪಿಎಲ್ ಅಲ್ಲ, ಊರಿನ ಸಹಕಾರ ಸಂಘ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದರಲ್ಲ, ಆ ಬಗೆಯ ಸಂಘ. ಭಾರತದ ಪತ್ತಿನ ಸಹಕಾರ ಕಾಯ್ದೆಗೆ ಮಾದರಿಯಾದದ್ದೂ ಜರ್ಮನಿಯ ರೈಫೈಸನ್ ಪದ್ಧತಿಯೇ. ಇಲ್ಲಿನ ಹಳ್ಳಿ ಬ್ಯಾಂಕುಗಳ ಫಲಕದಲ್ಲಿ ಆ ಹೆಸರು ಈಗಲೂ ಕಾಣುತ್ತದೆ. ಸರ್ವಸದಸ್ಯರ ಸಭೆ, ಲೆಕ್ಕಪತ್ರ ಮಂಡನೆ, ಅಂಗೀಕಾರ, ಗದ್ದಲ, ಗುಂಪುಗಾರಿಕೆ ಎಲ್ಲವೂ ನಮಗೆ ಗೊತ್ತಿರುವಂಥದ್ದೇ. ಹಾಲಿನ ಡೇರಿಯ ಚುನಾವಣೆ ನೋಡಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ.

ಈಗ ರಚನೆ. ಮೇಲೆ ಸಂಘ, ಅದರ ಕೆಳಗೆ ವೃತ್ತಿಪರ ತಂಡವನ್ನು ನಡೆಸುವ ಷೇರು ಕಂಪನಿ. ಸಂಘದ ಅಧ್ಯಕ್ಷರನ್ನು ಸದಸ್ಯರು ಆರಿಸುತ್ತಾರೆ. ಕಂಪನಿಯನ್ನು ದಿನವೂ ನಡೆಸುವವರು ‘ಫೋರ್‌ಶ್ಟಾಂಡ್’, ಅಂದರೆ ಆಡಳಿತ ಮಂಡಳಿ. ಅವರನ್ನು ನೇಮಿಸುವುದು, ತೆಗೆಯುವುದು ‘ಆಫ್‌ಸಿಕ್ಟ್ಸ್‌ರಾಟ್’, ಅಂದರೆ ಮೇಲ್ವಿಚಾರಣಾ ಮಂಡಳಿ. ಈ ಎರಡನ್ನು ಗೊಂದಲ ಮಾಡಿಕೊಂಡರೆ ಇಡೀ ಚರ್ಚೆ ತಲೆಕೆಳಗಾಗುತ್ತದೆ. ಆಟಗಾರನನ್ನು ಮಾರಿದ್ದಕ್ಕೆ ಅಧ್ಯಕ್ಷರನ್ನು ಬೈಯುವುದು ಹೊಸಬರ ಗುರುತು. ಮಾರಾಟದ ಮಾತುಕತೆ ಫೋರ್‌ಶ್ಟಾಂಡ್‌ನ ಕ್ರೀಡಾ ವಿಭಾಗದ್ದು. ದೊಡ್ಡ ಮೊತ್ತವಾದರೆ ಮೇಲ್ವಿಚಾರಣಾ ಮಂಡಳಿಯ ಒಪ್ಪಿಗೆಯೂ ಬೇಕಾಗುತ್ತದೆ.

ಇದರ ಮೇಲೆ ದೇಶಕ್ಕೆಲ್ಲ ಒಂದು ನಿಯಮ: ಐವತ್ತು ಪ್ಲಸ್ ಒಂದು. ಕಂಪನಿಗೆ ಎಷ್ಟೇ ಹೂಡಿಕೆ ಬರಲಿ, ಅರ್ಧಕ್ಕಿಂತ ಒಂದಾದರೂ ಹೆಚ್ಚು ಮತ ತಾಯಿಸಂಘದ ಕೈಯಲ್ಲೇ ಇರಬೇಕು. 1998ರಲ್ಲಿ ಕ್ಲಬ್ಬುಗಳು ಕಂಪನಿಗಳಾಗಲು ಅನುಮತಿ ಸಿಕ್ಕಾಗ ಬಂದ ಷರತ್ತು ಇದು. ಬಾಯರ್ ಕಂಪನಿಯ ಲೆವರ್‌ಕೂಸನ್, ಫೋಕ್ಸ್‌ವಾಗನ್‌ನ ವೋಲ್ಫ್ಸ್‌ಬುರ್ಗ್ ಹಳೆಯ ವಿನಾಯಿತಿಗಳು. ಹೋಫನ್‌ಹೈಮ್‌ನಲ್ಲಿ ಎಸ್‌ಎಪಿ ಸಂಸ್ಥಾಪಕ ಡೀಟ್‌ಮಾರ್ ಹೋಪ್ ಅವರಿಗೂ ವಿನಾಯಿತಿ ಇತ್ತು, 2023ರಲ್ಲಿ ಅವರೇ ಬಹುಮತವನ್ನು ಸಂಘಕ್ಕೆ ಮರಳಿಸಿದರು. ರೆಡ್ ಬುಲ್ ಕಂಪನಿಯ ಹಣದ ಲೈಪ್‌ಜಿಗ್ ಕ್ಲಬ್ ನಿಯಮದ ಅಕ್ಷರವನ್ನು ಪಾಲಿಸುತ್ತದೆ, ಆದರೆ ಮತದ ಹಕ್ಕುಳ್ಳ ಸದಸ್ಯರನ್ನು ಬೆರಳೆಣಿಕೆಯಷ್ಟೇ ಇಟ್ಟುಕೊಂಡಿದೆ. ಆದ್ದರಿಂದ ‘ಲೈಪ್‌ಜಿಗ್ ಎಷ್ಟು ಚೆನ್ನಾಗಿ ಮ್ಯಾನೇಜ್ ಮಾಡುತ್ತಾರೆ’ ಎಂದು ಹೊಗಳುವ ಮುಂಚೆ ಪಕ್ಕದಲ್ಲಿರುವವರ ಮುಖ ನೋಡಿ. ಅವರಿಗೆ ಅದು ಆಟದ ಮಾತಲ್ಲ, ತಮ್ಮ ಮತದ ಮಾತು.

2024ರ ಜನವರಿ-ಫೆಬ್ರುವರಿಯಲ್ಲಿ ಮೈದಾನಗಳಿಗೆ ಟೆನಿಸ್ ಚೆಂಡುಗಳು ಬಿದ್ದು ಪಂದ್ಯಗಳು ನಿಂತಾಗ, ನಮ್ಮಲ್ಲಿ ಅನೇಕರು ಅದನ್ನು ಪುಂಡಾಟ ಎಂದುಬಿಟ್ಟರು. ದೊಡ್ಡ ತಪ್ಪು. ಜರ್ಮನ್ ಲೀಗಿನ ಮಾಧ್ಯಮ ಹಕ್ಕುಗಳ ಶೇ 8 ಪಾಲನ್ನು 20 ವರ್ಷಕ್ಕೆ ಹೂಡಿಕೆದಾರರಿಗೆ ಕೊಡುವ ಯೋಜನೆಯ ವಿರುದ್ಧದ ಪ್ರತಿಭಟನೆ ಅದು. 2023ರ ಡಿಸೆಂಬರ್‌ನಲ್ಲಿ 36 ಕ್ಲಬ್ಬುಗಳ ಗುಪ್ತ ಮತದಾನ ನಡೆದಿತ್ತು. ಮೂರನೇ ಎರಡರಷ್ಟು, ಅಂದರೆ 24 ಮತ ಬೇಕಿತ್ತು, ಬಿದ್ದದ್ದು ಸರಿಯಾಗಿ 24. ಹ್ಯಾನೋವರ್ ಕ್ಲಬ್ಬಿನ ಸಂಘ ತನ್ನ ಪ್ರತಿನಿಧಿಗೆ ವಿರುದ್ಧ ಮತ ಹಾಕಲು ಸೂಚಿಸಿತ್ತು. ಮತ ಗುಪ್ತವಾಗಿದ್ದರಿಂದ ಸೂಚನೆ ಪಾಲನೆಯಾಯಿತೇ ಎಂಬ ಪ್ರಶ್ನೆ ಉಳಿಯಿತು. ಒಂದೇ ಮತದಲ್ಲಿ ಎಲ್ಲ ನಿಂತಿತ್ತಲ್ಲ, ಸಿಟ್ಟು ಅಲ್ಲಿಂದ ಹುಟ್ಟಿದ್ದು. 2024ರ ಫೆಬ್ರುವರಿ 21ರಂದು ಲೀಗ್ ಯೋಜನೆಯನ್ನೇ ಕೈಬಿಟ್ಟಿತು.

ಸ್ಟುಟ್‌ಗಾರ್ಟ್‌ನಲ್ಲಿ ಬಾಯಿ ತೆರೆಯುವ ಮುಂಚೆ 2017ರಿಂದ ಈಚಿನ ಕಥೆ ಗೊತ್ತಿರಲೇಬೇಕು. ಗಾಯ ಇನ್ನೂ ಹಸಿಯಾಗಿದೆ. 2017ರ ಜೂನ್ 1ರಂದು ವೃತ್ತಿಪರ ವಿಭಾಗವನ್ನು ಕಂಪನಿಯಾಗಿ ಬೇರ್ಪಡಿಸಲು ಸದಸ್ಯರು ಶೇ 84.2 ಮತದಿಂದ ಒಪ್ಪಿದರು, ಬೇಕಿದ್ದದ್ದು ಶೇ 75. ಡೈಮ್ಲರ್ (ಇಂದಿನ ಮರ್ಸಿಡಿಸ್) 4.15 ಕೋಟಿ ಯೂರೋ ಕೊಟ್ಟು ಶೇ 11.75 ಪಾಲು ಪಡೆಯಿತು. 2019ರ ಜುಲೈ ಸಭೆಯಲ್ಲಿ ಅಂದಿನ ಅಧ್ಯಕ್ಷ ವೋಲ್ಫ್‌ಗಾಂಗ್ ಡೀಟ್ರಿಶ್ ಅವರನ್ನು ಇಳಿಸುವ ಮತದಾನಕ್ಕೆ ಸಾವಿರಾರು ಜನ ಸೇರಿದ್ದರು. ವೈಫೈ ಕೆಟ್ಟು ಎಲೆಕ್ಟ್ರಾನಿಕ್ ಮತದಾನವೇ ನಡೆಯದೆ ಸಭೆ ಅರ್ಧಕ್ಕೆ ನಿಂತಿತು. ಮರುದಿನ ಅವರು ರಾಜೀನಾಮೆ ಕೊಟ್ಟರು. ಆಮೇಲೆ, ಕಂಪನಿಯಾಗಿ ಬೇರ್ಪಡಿಸಬೇಕೆಂಬ ಪ್ರಚಾರದ ಕಾಲದಲ್ಲಿ ಸದಸ್ಯರ ವಿವರಗಳು ಹೊರಗಿನವರ ಕೈಸೇರಿದ್ದು ಬಯಲಾಯಿತು. 2021ರ ಮಾರ್ಚ್‌ನಲ್ಲಿ ರಾಜ್ಯದ ದತ್ತಾಂಶ ರಕ್ಷಣಾ ಅಧಿಕಾರಿ ಕ್ಲಬ್ಬಿಗೆ 3 ಲಕ್ಷ ಯೂರೋ ದಂಡ ಹಾಕಿದರು.

2023ರಲ್ಲಿ ಪೋರ್ಶೆ ಬಂತು. ಈಗ ಮರ್ಸಿಡಿಸ್ ಮತ್ತು ಪೋರ್ಶೆಗೆ ತಲಾ ಶೇ 10ಕ್ಕಿಂತ ತುಸು ಹೆಚ್ಚು ಪಾಲು, ಮುಕ್ಕಾಲಿಗೂ ಮೇಲೆ ಸಂಘದ್ದೇ. ಆದರೂ ಜಗಳ ಎದ್ದಿತು. ಸಂಘದ ಅಧ್ಯಕ್ಷರೇ ಮೇಲ್ವಿಚಾರಣಾ ಮಂಡಳಿಯ ಮುಖ್ಯಸ್ಥರಾಗಿರುತ್ತಾರೆ ಎಂಬ ಮಾತನ್ನು 2017ರಲ್ಲಿ ಸದಸ್ಯರಿಗೆ ಕೊಡಲಾಗಿತ್ತು. 2024ರ ಮಾರ್ಚ್‌ನಲ್ಲಿ ಆ ಕುರ್ಚಿ ಸಂಘದ ಅಧ್ಯಕ್ಷ ಕ್ಲೌಸ್ ಫೋಗ್ಟ್ ಅವರಿಂದ, ಅಧ್ಯಕ್ಷರಲ್ಲದ ತಾನ್ಯಾ ಗ್ಯೋನರ್ ಅವರಿಗೆ ಹೋಯಿತು. ತಂಡ ಆ ಋತುವಿನಲ್ಲಿ ಬೈರ್ನ್ ಮ್ಯೂನಿಕ್‌ಗಿಂತ ಮೇಲೆ, ಎರಡನೇ ಸ್ಥಾನದಲ್ಲಿ ಮುಗಿಸಿತು. ಅಭಿಮಾನಿಗಳ ಗ್ಯಾಲರಿ ಮಾತ್ರ ಕುದಿಯುತ್ತಿತ್ತು. ‘ತಂಡ ಗೆಲ್ಲುತ್ತಿದೆಯಲ್ಲ, ಇನ್ನೇನು?’ ಎಂದು ನಮ್ಮವರು ಕೇಳಿದ್ದು ಇಲ್ಲೇ. ಹಾಗೆ ಕೇಳಬೇಡಿ. ಕೊಟ್ಟ ಮಾತು ಮುರಿದದ್ದು ಅವರಿಗೆ ಅಂಕಪಟ್ಟಿಗಿಂತ ದೊಡ್ಡದು. ಹಾಗೆಂದು ಅದು ಅಧ್ಯಕ್ಷರ ಪರವಾದ ಕುರುಡು ನಿಷ್ಠೆಯೂ ಆಗಿರಲಿಲ್ಲ. ಅದೇ ವರ್ಷದ ಜುಲೈನಲ್ಲಿ ಸದಸ್ಯರು ಫೋಗ್ಟ್ ಅವರನ್ನೂ ಅಧ್ಯಕ್ಷ ಸ್ಥಾನದಿಂದ ಇಳಿಸಿದರು. 2025ರ ಮಾರ್ಚ್‌ನಲ್ಲಿ ಡೀಟ್‌ಮಾರ್ ಆಲ್‌ಗೈಯರ್ ಹೊಸ ಅಧ್ಯಕ್ಷರಾಗಿ ಆಯ್ಕೆಯಾದರು. ನೀವು ಮರ್ಸಿಡಿಸ್ ಅಥವಾ ಪೋರ್ಶೆ ಕಂಪನಿಯ ನೌಕರರಾಗಿದ್ದರೆ ಒಂದು ಎಚ್ಚರ: ಪಾಲುದಾರರ ಬಗ್ಗೆ ಕಚೇರಿಯಲ್ಲಿ ಮಾತಾಡುವಾಗ ಸದಸ್ಯನಾಗಿ ಮಾತಾಡಿ, ಒಳಗಿನ ಸುದ್ದಿ ಬಲ್ಲವರ ದನಿಯಲ್ಲಿ ಬೇಡ.

ಸದಸ್ಯರಾಗುವುದು ಸುಲಭ: ಆನ್‌ಲೈನ್ ಅರ್ಜಿ, ಬ್ಯಾಂಕ್ ಖಾತೆಯಿಂದ ವಾರ್ಷಿಕ ಶುಲ್ಕ. ಎಡವುವುದು ಮೂರು ಬೇರೆ ವಸ್ತುಗಳನ್ನು ಒಂದೇ ಎಂದುಕೊಂಡಾಗ. ಸೀಸನ್ ಟಿಕೆಟ್ ಇದ್ದರೆ ಮತವಿಲ್ಲ. ಅಭಿಮಾನಿ ಬಳಗಕ್ಕೆ ಸೇರಿದರೂ ಮತವಿಲ್ಲ. ಸಂಘದ ಸದಸ್ಯತ್ವವೊಂದಕ್ಕೇ ಮತ. ಸೇರಿದ ದಿನವೇ ಮತ ಸಿಗುತ್ತದೆಯೇ, ಯಾವ ವಯಸ್ಸಿಗೆ ಸಿಗುತ್ತದೆ ಎಂಬುದು ಸಂಘದ ನಿಯಮಾವಳಿಯಲ್ಲಿ, ಅಂದರೆ ‘ಸಾಟ್ಸುಂಗ್’ನಲ್ಲಿ ಇದೆ, ಸಹಿ ಮಾಡುವ ಮುಂಚೆ ಓದಿ. ಬಿಡುವಾಗ ಲಿಖಿತ ಸೂಚನೆ ಕೊಡಬೇಕು, ಅದಕ್ಕೆ ಗಡುವೂ ಇದೆ. ಊರಿಗೆ ವಾಪಸು ಹೋದ ಮೇಲೆ ಎರಡು ವರ್ಷ ಶುಲ್ಕ ಕಟ್ಟುತ್ತಲೇ ಇದ್ದವರಿದ್ದಾರೆ.

ಸಭೆಗೆ ಹೋಗುವಾಗ ಸದಸ್ಯತ್ವ ಕಾರ್ಡ್, ಗುರುತಿನ ಚೀಟಿ, ತುಂಬಿದ ಫೋನ್ ಬ್ಯಾಟರಿ, ಊಟದ ಡಬ್ಬಿ ಇರಲಿ. ಇಡೀ ದಿನ ಹಿಡಿಯುತ್ತದೆ. ಕಾರ್ಯಸೂಚಿಯಲ್ಲಿ ‘ಎಂಟ್‌ಲಾಸ್ಟುಂಗ್’ ಎಂಬ ಪದ ಹುಡುಕಿ. ಕಳೆದ ವರ್ಷದ ಆಡಳಿತಕ್ಕೆ ಸದಸ್ಯರು ಕೊಡುವ ಅಂಗೀಕಾರ ಅದು. ಹೊಸಬರು ಅದನ್ನು ಔಪಚಾರಿಕವೆಂದು ಬಗೆದು ಕಾಫಿಗೆ ಏಳುತ್ತಾರೆ. ನಿಜವಾದ ಬಲಪರೀಕ್ಷೆ ನಡೆಯುವುದೇ ಅಲ್ಲಿ: ಅಂಗೀಕಾರ ತಪ್ಪಿದರೆ ಕುರ್ಚಿ ತಕ್ಷಣ ಹೋಗುವುದಿಲ್ಲ, ಆದರೆ ಕೆಳಗಿನ ನೆಲ ಹೋಯಿತೆಂದು ಎಲ್ಲರಿಗೂ ತಿಳಿಯುತ್ತದೆ. ಇನ್ನೊಂದು ಮುಖ್ಯ ಜಾಗ ‘ಫೆರೈನ್ಸ್‌ಬೈರಾಟ್’, ಸಂಘದ ಸಲಹಾ ಸಮಿತಿ. ಅಧ್ಯಕ್ಷ ಸ್ಥಾನಕ್ಕೆ ಬಂದ ಅರ್ಜಿಗಳನ್ನು ಜರಡಿ ಹಿಡಿದು ಮತಪತ್ರಕ್ಕೆ ಯಾರ ಹೆಸರು ಬರಬೇಕೆಂದು ತೀರ್ಮಾನಿಸುವವರು ಇವರು. ಅಧ್ಯಕ್ಷರ ಚುನಾವಣೆಗೆ ಉತ್ಸಾಹದಿಂದ ಬಂದು ಈ ಸಮಿತಿಯ ಚುನಾವಣೆಯಲ್ಲಿ ಕಣ್ಣುಮುಚ್ಚಿ ಮತ ಒತ್ತಿದರೆ, ಅರ್ಧ ಹಕ್ಕು ಬಿಟ್ಟುಕೊಟ್ಟಂತೆ.

ಇನ್ನು ಆಟಗಾರರ ಮಾರಾಟ-ಖರೀದಿ. ಮೊದಲು ಲೆಕ್ಕ: ಒಂದು ಕೋಟಿ ಎಂದರೆ ಹತ್ತು ಮಿಲಿಯನ್. ತಲೆಯಲ್ಲಿ ಕೋಟಿ ಇಟ್ಟುಕೊಂಡು ಬಾಯಲ್ಲಿ ಮಿಲಿಯನ್ ಹೇಳುವಾಗ ಒಂದು ಸೊನ್ನೆ ಜಾರುತ್ತದೆ. ಟ್ರಾನ್ಸ್‌ಫರ್‌ಮಾರ್ಕ್ಟ್ ತಾಣದಲ್ಲಿ ಕಾಣುವ ‘ಮಾರುಕಟ್ಟೆ ಮೌಲ್ಯ’ವು ಬಳಕೆದಾರರ ಚರ್ಚೆಯಿಂದ ಬಂದ ಅಂದಾಜು, ಯಾರೂ ಕೊಟ್ಟ ಬೆಲೆಯಲ್ಲ. ಅದನ್ನು ಹಿಡಿದು ‘ಇಷ್ಟು ಕಡಿಮೆಗೆ ಮಾರಿದರು’ ಎಂದರೆ ವಾದ ನಿಲ್ಲುವುದಿಲ್ಲ. ಬೆಲೆ ನಿರ್ಧರಿಸುವುದು ಒಪ್ಪಂದದಲ್ಲಿ ಉಳಿದ ವರ್ಷಗಳು ಮತ್ತು ಬಿಡುಗಡೆ ಷರತ್ತು. 2023-24ರಲ್ಲಿ ಲೀಗಿನಲ್ಲಿ 28 ಗೋಲು ಹೊಡೆದ ಸೆರ್ಹೂ ಗಿರಾಸಿ, ಒಪ್ಪಂದದಲ್ಲಿ ಷರತ್ತು ಇದ್ದದ್ದರಿಂದ ಸುಮಾರು 1.8 ಕೋಟಿ ಯೂರೋಗೆ ಡಾರ್ಟ್‌ಮುಂಡ್‌ಗೆ ಹೋದರು. ಷರತ್ತಿನ ಮೊತ್ತ ಬಂದ ಮೇಲೆ ‘ಮಾರುವುದಿಲ್ಲ’ ಎನ್ನಲು ಕ್ಲಬ್ಬಿಗೆ ದಾರಿಯೇ ಇಲ್ಲ. ಮರುವರ್ಷ ನಿಕ್ ವೋಲ್ಟಮಾಡೆ: 2024ರಲ್ಲಿ ವೆರ್ಡರ್ ಬ್ರೆಮನ್‌ನಿಂದ ಶುಲ್ಕವಿಲ್ಲದೆ ಬಂದವರು, 2028ರವರೆಗೆ ಒಪ್ಪಂದ. ಬೈರ್ನ್ ಬೇಸಿಗೆಯಿಡೀ ಕೇಳಿದರೂ ಕ್ಲಬ್ ಜಗ್ಗಲಿಲ್ಲ. 2025ರ ಆಗಸ್ಟ್ ಕೊನೆಗೆ ನ್ಯೂಕಾಸಲ್‌ಗೆ ಸುಮಾರು 7.5 ಕೋಟಿ ಯೂರೋ ಮತ್ತು ಬೋನಸ್‌ಗೆ ಮಾರಿತು. ಈ ಎರಡನ್ನು ಪಕ್ಕಪಕ್ಕ ಇಟ್ಟು ಮಾತಾಡಿ, ಜನ ಕಿವಿಗೊಡುತ್ತಾರೆ.

ಲಾಭದ ಲೆಕ್ಕವೂ ಪತ್ರಿಕೆಯ ಶೀರ್ಷಿಕೆಯಂತಿರುವುದಿಲ್ಲ. 2 ಕೋಟಿಗೆ ನಾಲ್ಕು ವರ್ಷದ ಒಪ್ಪಂದದಲ್ಲಿ ಕೊಂಡ ಆಟಗಾರ ಲೆಕ್ಕದ ಪುಸ್ತಕದಲ್ಲಿ ವರ್ಷಕ್ಕೆ 50 ಲಕ್ಷ ಸವೆಯುತ್ತಾನೆ. ಎರಡು ವರ್ಷದ ಮೇಲೆ ಪುಸ್ತಕದ ಬೆಲೆ 1 ಕೋಟಿ. ಆಗ 1.8 ಕೋಟಿಗೆ ಮಾರಿದರೆ ನಷ್ಟವಲ್ಲ, 80 ಲಕ್ಷ ಲಾಭ. ಅದರಿಂದ ಏಜೆಂಟರ ಪಾಲು, ಹಿಂದಿನ ಕ್ಲಬ್ಬಿಗೆ ಬರೆದುಕೊಟ್ಟ ಮರುಮಾರಾಟದ ಪಾಲು ಕಳೆಯಬೇಕು. ಹಣ ಸಾಮಾನ್ಯವಾಗಿ ಕಂತಿನಲ್ಲಿ ಬರುವುದರಿಂದ ‘ಅಷ್ಟು ದುಡ್ಡು ಬಂತಲ್ಲ, ನಾಳೆಯೇ ಇಬ್ಬರನ್ನು ಕೊಳ್ಳಿ’ ಎನ್ನುವುದು ಆಗದ ಮಾತು. ದೇಶ ದಾಟುವ ಮಾರಾಟದಲ್ಲಿ ಶೇ 5ರಷ್ಟು ಆಟಗಾರನನ್ನು 12ರಿಂದ 23ರ ವಯಸ್ಸಿನಲ್ಲಿ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಹೋಗುತ್ತದೆ: 15ರವರೆಗೆ ವರ್ಷಕ್ಕೆ ಶೇ 0.25, ಆಮೇಲೆ ಶೇ 0.5. ಬೀದಿ ಕೊನೆಯ ಪುಟ್ಟ ಕ್ಲಬ್ಬಿಗೂ ಅದರಿಂದ ಹೊಸ ನೆಟ್ಟು, ದೀಪ ಬರಬಹುದು. ನನಗೆ ಈ ಇಡೀ ವ್ಯಾಪಾರದಲ್ಲಿ ಬಹಳ ಇಷ್ಟವಾಗುವ ನಿಯಮ ಇದೇ. ಆಟಗಾರರ ಎರವಲಿನ ಬಗ್ಗೆ ಒಂದು ಮಾತು: ‘ಕೊಳ್ಳುವ ಆಯ್ಕೆ’ ಬೇರೆ, ‘ಕೊಳ್ಳುವ ಕಡ್ಡಾಯ’ ಬೇರೆ. ಇಂಗ್ಲೆಂಡಿನ ಬ್ರೈಟನ್ ಕ್ಲಬ್ಬಿನಿಂದ ಎರವಲು ಬಂದಿದ್ದ ಡೆನಿಜ್ ಉಂಡಾವ್ ಅವರನ್ನು ಕೊಳ್ಳುವ ಆಯ್ಕೆ ಸ್ಟುಟ್‌ಗಾರ್ಟ್‌ಗೆ ಇತ್ತು, ಮರಳಿ ಕೊಳ್ಳುವ ಹಕ್ಕು ಬ್ರೈಟನ್‌ಗೂ ಇತ್ತು. 2024ರ ಬೇಸಿಗೆಯಿಡೀ ಎಳೆದಾಟವಾದದ್ದು ಆ ಎರಡನೇ ಸಾಲಿನಿಂದ.

ಮಕ್ಕಳ ವಿಷಯಕ್ಕೆ ಬಂದರೆ, ಇದೆಲ್ಲ ಇನ್ನೂ ಹತ್ತಿರವಾಗುತ್ತದೆ. ಆರು ವರ್ಷದ ಮಗು ಊರಿನ ಕ್ಲಬ್ಬಿನ ‘ಬಾಂಬಿನಿ’ ಗುಂಪಿಗೆ ಸೇರಿದ ದಿನ ನೀವೂ ಒಂದು ಫೆರೈನ್‌ನ ಮನೆಯವರಾದಿರಿ. 2024-25ರಿಂದ ಕಿರಿಯ ಮಕ್ಕಳಿಗೆ ಮೂವರು-ಮೂವರು, ಐವರು-ಐವರ ಚಿಕ್ಕ ಆಟ, ಅಂಕಪಟ್ಟಿ ಇಲ್ಲ. ತರಬೇತುದಾರರನ್ನು ‘ನಮ್ಮ ಮಗು ಎಷ್ಟನೇ ಸ್ಥಾನ?’ ಎಂದು ಕೇಳಬೇಡಿ. ಕೇಕ್ ಮಾರುವ, ಮೈದಾನ ಅಣಿ ಮಾಡುವ ಸರದಿಪಟ್ಟಿ ಬರುತ್ತದೆ, ಹೆಸರು ಬರೆಯಿರಿ. ಮಾಂಸ ಸುಡುವ ಒಲೆಯ ಮುಂದೆ ನಿಲ್ಲಲಾಗದವರು ಚಿತ್ರಾನ್ನದ ಪಾತ್ರೆ ತರಬಹುದು, ಬೇಗ ಖಾಲಿಯಾಗುತ್ತದೆ. ಆ ಮೇಜಿನ ಹಿಂದೆ ನಿಂತು ಆಡುವ ಮಾತಲ್ಲೇ ಕ್ಲಬ್ಬಿನ ಖಜಾಂಚಿ ಯಾರಾಗಬೇಕೆಂಬ ಚರ್ಚೆ ಶುರುವಾಗುತ್ತದೆ. ನಿಮ್ಮ ಮಗು ನಿಮ್ಮ ಜರ್ಮನ್ ತಿದ್ದುತ್ತಾ ಪಕ್ಕದಲ್ಲಿರುತ್ತದೆ.

ಕಳೆದುಕೊಂಡದ್ದೂ ಆಗ ನೆನಪಾಗುತ್ತದೆ. ಅಜ್ಜನ ಊರಿನ ಅರಳಿಕಟ್ಟೆಯಲ್ಲಿ ಸೊಸೈಟಿ ಚುನಾವಣೆಯ ಬಗ್ಗೆ ಕೂಗಾಡುವ ಹಕ್ಕು ಹುಟ್ಟಿನಿಂದ ಬಂದಿತ್ತು, ಅದನ್ನು ಬಿಟ್ಟುಬಂದೆವು. ಮಗುವಿಗೆ ಆ ಕಟ್ಟೆ ಗೊತ್ತಿಲ್ಲ, ಈ ಮೈದಾನದ ಬೇಲಿ ಗೊತ್ತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಕಾಲ್ತುಳಿತದಲ್ಲಿ ಸತ್ತ ಸುದ್ದಿಯನ್ನು ಇಲ್ಲಿ ಕುಳಿತು ಓದಿದಾಗ ಎದೆ ಕಲಕಿತು. ಇಲ್ಲಿ ವೃತ್ತಿಪರ ಕ್ಲಬ್ ಎಂದರೆ ಅಭಿಮಾನಿಗಳ ಸಂಪರ್ಕಾಧಿಕಾರಿಯನ್ನು ಇಡಲೇಬೇಕು. ಜನಸಂದಣಿ, ಪ್ರವೇಶದ್ವಾರ, ಪೊಲೀಸರ ಮಾತುಕತೆಯಲ್ಲಿ ಅವರೂ ಕೂರುತ್ತಾರೆ. ಅಭಿಮಾನಿ ಎಂದರೆ ಮೇಜಿನ ಮುಂದೆ ಕುರ್ಚಿ ಇರುವವನು ಎಂಬ ಯೋಚನೆ ನಮ್ಮ ಊರಿಗೂ ಹೋಗಬೇಕು.

ಕೊನೆಗೆ ಮರೆಯಬಾರದ ಒಂದು ದಿನಾಂಕ. ಮಗು ಬೆಳೆದು ಬೇರೆ ಕ್ಲಬ್ಬಿಗೆ ಹೋಗಬೇಕೆಂದರೆ ಹಳೆಯ ಕ್ಲಬ್ಬಿನ ಆಟದಿಂದ ಜೂನ್ 30ರೊಳಗೆ ಹೆಸರು ತೆಗೆಸಿ, ಹಳೆಯವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಗಡುವು ತಪ್ಪಿದರೆ ಅಥವಾ ಒಪ್ಪಿಗೆ ಸಿಗದಿದ್ದರೆ ಅಧಿಕೃತ ಪಂದ್ಯಗಳಿಂದ ತಿಂಗಳುಗಟ್ಟಲೆ ಹೊರಗೆ ಕೂರಬೇಕಾಗಬಹುದು. ತೀರಾ ಚಿಕ್ಕವರಿಗೆ ನಿಯಮ ಸಡಿಲ, ಆದರೂ ಕ್ಲಬ್ಬಿನ ಯುವ ವಿಭಾಗದ ಮುಖ್ಯಸ್ಥರನ್ನು ಮೇ ತಿಂಗಳಲ್ಲೇ ಕಂಡು ಮಾತಾಡಿ. ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ, ಹಳೆಯ ತರಬೇತುದಾರರಿಗೆ ಮಗುವೇ ಹೇಳಲಿ.